ಮೊಣಕೈ ಮಚ್ಚೆಯ ತನಿಖೆಯಾಗಲಿ

ಮಾನ್ಯ ಆರೋಗ್ಯ ಯೋಜನಾಧಿಕಾರಿಗಳೇ,

ಮೊದಲು ನನ್ನ ಅಪರಾಧ ಒಪ್ಪಿಕೊಳ್ಳುತ್ತೇನೆ. ಕಳೆದ ಸೋಮವಾರ ನಿಮ್ಮ ಕಚೇರಿಯ ಕಿಟಕಿಗೆ ಕಟ್ಟಿದ್ದ ಪೆನ್ನನ್ನು ದಾರಸಮೇತ ಕದ್ದು ತಂದಿದ್ದೇನೆ. ನನ್ನ ಮೊಮ್ಮಗಳ ಚಿಕಿತ್ಸೆಯ ಅರ್ಜಿಯನ್ನು ತಿರಸ್ಕರಿಸಿದ್ದು ಇದೇ ಪೆನ್ನು. ಅದರಿಂದಲೇ ಪತ್ರಿಕೆಗೆ ಈ ಬಹಿರಂಗ ಪತ್ರ ಬರೆಸಿ ಅದಕ್ಕೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದೇನೆ.

ಒಂಬತ್ತು ವರ್ಷದ ಚೇತನಾಳ ಎಡಗೆನ್ನೆಯಿಂದ ರೆಪ್ಪೆಯವರೆಗೆ ನೇರಳೆಗೆಂಪು ಕಲೆಯಿದೆ. ಹುಟ್ಟಿದಾಗಿನಿಂದ ಇದೆ. ಕರ್ನೂಲಿನ ಚರ್ಮವೈದ್ಯರು, ಇದು ರಕ್ತನಾಳಗಳದ್ದು, ಆರೆಂಟು ಸಲ ಲೇಸರ್ ಹಾಯಿಸಿದರೆ ಮಾಸುತ್ತದೆ, ಬಿಟ್ಟರೆ ವಯಸ್ಸಾದಂತೆ ದಪ್ಪವಾಗಬಹುದು, ಕಣ್ಣನ್ನೂ ತೋರಿಸುತ್ತಿರಿ ಎಂದರು. ಕಲೆಗೆ ಕನ್ನಡದಲ್ಲಿ ಎರಡರ್ಥ. ಕೋಸಗಿಯ ನೆಂಟರಿಗೆ ಇದು ಗ್ರಹಣದ ಕಲೆ. ನಿಮ್ಮ ಕಚೇರಿಗೆ ಲಲಿತಕಲೆ. "ಸೌಂದರ್ಯವರ್ಧನೆ" ಎಂದು ಬರೆದು ಹಿಂದಿರುಗಿಸಿದಿರಿ. ವೈದ್ಯರ ಚೀಟಿ ತಂದೆವು. ಆಗ ನಿಮ್ಮ ಗುಮಾಸ್ತರು ಹೊಸ ಗುಮಾನಿ ತೆಗೆದರು.

"ಸ್ಕೂಲ್ ರಿಕಾರ್ಡಿನಾಗ ಮಕದ ಮ್ಯಾಲ ಏನೂ ಇಲ್ಲಲ್ರಿ ಸಾರ್. ಮೊಣಕೈ ಮ್ಯಾಲ ಪುಟ್ಟುಮಚ್ಚ, ಅಂದ್ರ ಹುಟ್ಟುಮಚ್ಚೆ, ಅಂತ ಐತಿ. ಮತ್ತ ಇದು ಯಾವಾಗ ಹುಟ್ಟಿತು?"

ಮಗುವಿಗೆ ಬಣ್ಣ ಬಳಿದು ತಂದೆವೆಂದೇ? ಚೇತನಾ ಕಿಟಕಿಗೆ ಕೆನ್ನೆಯೊಡ್ಡಿ ಮೆಲ್ಲಗೆ ಅಂದಳು: "ಒರಸಿ ನೋಡ್ರಿ ಸಾರ್. ನಾನು ದಿನಾ ಒರಸ್ತೀನಿ." ಗುಮಾಸ್ತರು ಕಡತದೊಳಗೆ ಮುಖ ಹುದುಗಿಸಿದರು. ನನಗೆ ದಾರ ಹರಿಯುವಷ್ಟು ಸಿಟ್ಟು ಬಂತು, ಹರಿಯಿತು ಕೂಡ.

ಗುಮಾನಿ ನನಗೂ ಇದೆ. ಶಾಲೆಯ ದಾಖಲೆಯಲ್ಲಿ ಇಲ್ಲದ ಮಚ್ಚೆ ಬರೆದು, ಇರುವ ಕಲೆ ಮುಚ್ಚಿಟ್ಟವನು ಯಾರು? ಯಾರನ್ನು ಮೆಚ್ಚಿಸಲು? ನಮ್ಮ ಮನೆಯಲ್ಲಂತೂ ಆ ಕಲೆಗೆ ನಾಚಿದವರಿಲ್ಲ. ಮೂವತ್ತನಾಲ್ಕು ವರ್ಷ ಆದೋನಿಯಲ್ಲಿ ಕನ್ನಡ ಪಂಡಿತನಾಗಿದ್ದವನು ನಾನು. ಕೈಬರಹ ಕಂಡರೆ ಬರೆದವನ ಕುಲಗೋತ್ರ ಹೇಳಬಲ್ಲೆ. ಅವಳನ್ನು ಶಾಲೆಗೆ ಸೇರಿಸಿದಾಗಿನ ಅರ್ಜಿಯನ್ನು ತರಿಸಿ, ಸುಳ್ಳುಗಾರನನ್ನು ಹಿಡಿಯಿರಿ, ಚಿಕಿತ್ಸೆಯನ್ನು ಮಂಜೂರು ಮಾಡಿರಿ.

ಇಂತಿ,
ತಮ್ಮ ಪೆನ್ನಿನ ಹಾಲಿ ವಾರಸುದಾರ,
ಕೊಟ್ರಬಸಪ್ಪ, ನಿವೃತ್ತ ಕನ್ನಡ ಪಂಡಿತ, ಆದೋನಿ

ವಿ.ಸೂ.: ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲೇ ನನ್ನಾಕೆ ವೀರಬಸಮ್ಮ ಶಾಲೆಗೆ ಹೋಗಿ ಆ ಅರ್ಜಿಯ ಜೆರಾಕ್ಸ್ ತಂದು ಮುಂದಿಟ್ಟಿದ್ದಾಳೆ. "ಅಕ್ಷರ ಮುತ್ತಿನಂಗ ಅದಾವ. ಯಾರವು ಅಂತ ಗುರುತು ಸಿಕ್ತೇನ್ರಿ?" ಎಂದಳು. ಸಿಕ್ಕಿತು. ಶಾಲೆಗೆ ಸೇರಿಸುವ ದಿನ 'ಗುರುತಿನ ಚಿಹ್ನೆ'ಯ ಮುಂದೆ 'ಮುಖ' ಎಂದು ಬರೆಯಲು ನನ್ನ ಕೈ ಏಳಲಿಲ್ಲ. ತನಿಖೆ ಮುಗಿಯಿತು, ಮಂಜೂರಾತಿಯೊಂದು ಉಳಿದಿದೆ. ಚೇತನಾ ಬೆಳಗಿನಿಂದ ಕನ್ನಡಿಯ ಮುಂದೆ ತೋಳು ತಿರುಗಿಸಿ ಆ ಮಚ್ಚೆಯನ್ನು ಹುಡುಕುತ್ತಿದ್ದಾಳೆ. ಅದು ಅಲ್ಲಿಲ್ಲ, ಮಾನ್ಯರೇ. ಹೆಡ್‌ಮಾಸ್ತರು ನೋಡಿಯಾರೆಂದು ಅವತ್ತು ನಾನೇ ಪೆನ್ನಿನಿಂದ ಇಟ್ಟಿದ್ದೆ.