ಎಪ್ಪತ್ಮೂರನೇ ವಾಕ್ಯ

ಇವತ್ತು ೨೨೬೪ನೇ ಇಸವಿ, ಆಷಾಢದ ನಲವತ್ತನೇ ದಿನ. ಈಗ ಆಷಾಢ ಅಂದ್ರೆ ಐವತ್ತು ದಿನ, ಮಳೆ ಬರೋವರೆಗೂ ಲೆಕ್ಕ. ವಸುಧಾ ಮೇಡಂ, ನಾನು ಬೊಮ್ಮಿರ, ವಯಸ್ಸು ಐವತ್ತು. ನೀವು ನನಗಿಂತ ಇನ್ನೂರು ವರ್ಷಕ್ಕೆ ದೊಡ್ಡೋರು, ಆದ್ರೆ ರೆಕಾರ್ಡಿಂಗಲ್ಲಿ ಇನ್ನೂ ಹುಡುಗಿ ದನಿ. ನನ್ನ ಕನ್ನಡ ವಿಚಿತ್ರ ಅನ್ನಿಸಿದ್ರೆ ಕ್ಷಮಿಸಿ. ನೀವು ನಮ್ಮ ಕೇತಜ್ಜಿನ ಕನ್ನಡದಲ್ಲಿ ಪ್ರಶ್ನೆ ಕೇಳಿದ್ದು ಕೇಳೀ ಕೇಳೀ ಕಲಿತಿದ್ದು. ನಾನಿಲ್ಲಿ ದನಿಗಾವಲು, ಅಂದ್ರೆ ನಿಮ್ಮ ಆ ಹನ್ನೊಂದು ಗಂಟೆ ರೆಕಾರ್ಡಿಂಗ್ ಕಾಯೋನು. ನಮ್ಮ ಮುರವ ಮಾತು ಕೇತಜ್ಜಿ ಜೊತೆಗೇ ಸತ್ತೇಹೋಗಿತ್ತು. ತಾತಂದಿರು ಆ ರೆಕಾರ್ಡಿಂಗಿಂದಲೇ ಮತ್ತೆ ಎಬ್ಬಿಸಿದ್ರು. ಊರಲ್ಲಿ ಬೇರೆ ಮಾತು ಬರೋದು ನನ್ನೊಬ್ಬನಿಗೇ. ಕಟ್ಟುಪಾಡು ಒಂದೇ: ಕೇತಜ್ಜಿ ಬಾಯಲ್ಲಿ ಬರದ ಮಾತು ಯಾರೂ ಆಡಬಾರದು.

ಬಂದಿದ್ದೇನು ಅಂತ ನಿಮಗೇ ಗೊತ್ತು. ‘ಅವನು ನನ್ನ ಹೊಡೆದ ಅನ್ನೋಕೆ ಏನಂತೀರಜ್ಜಿ? ಅವರು ನಮ್ಮನ್ನ ಹೊಡೆದ್ರು? ನಾಳೆ ಕೊಲ್ತೀನಿ?’ ಭಾಷೆ ಬರೆದಿಡೋ ನಿಮ್ಮ ಕಸುಬಿನೋರೆಲ್ಲ ಹಂಗೇ ಕೇಳ್ತಿದ್ರಂತೆ, ಯಾರು ಯಾರಿಗೆ ಏನು ಮಾಡಿದ್ರು ಅನ್ನೋ ವ್ಯಾಕರಣ ಸುಲಭವಾಗಿ ಸಿಗುತ್ತೆ ಅಂತ. ಅಜ್ಜಿ ನಗ್ತಾ ಕನ್ನಡದಲ್ಲೇ ಅಂತಾಳೆ: ‘ಅಲ್ಲ ಕಣವ್ವ, ನಿಮ್ಮೂರಲ್ಲಿ ಬರೀ ಹೊಡೆದಾಟಾನಾ? ಮದುವೆ ಗಿದುವೆ ಇಲ್ವಾ?’ ನೀವೂ ನಗ್ತೀರ. ಆಮೇಲೆ ಮತ್ತೆ, ‘ಕೋಲಲ್ಲಿ ಹೊಡೆದ?’

ನಮ್ಮ ಮಕ್ಕಳು ಬೆಳಿಗ್ಗೆ ಎದ್ದು ಅಜ್ಜಿಯ ಈ ವಾಕ್ಯಗಳನ್ನೇ ನಂಬರ್ ಪ್ರಕಾರ ಸಾಲಾಗಿ ಒಪ್ಪಿಸ್ತಾರೆ. ನನ್ನ ತಂಗಿ ಮಗ ಮಾಚ ಆರು ವರ್ಷದೋನಿದ್ದಾಗ, ಕಾಲು ಮುರಿದ ಕರು ಹತ್ರ ಕೂತು ತಾನೇ ಹುಟ್ಟಿಸಿದ ಏನೋ ಮಾತು ಹೇಳ್ತಿದ್ದ. ನಾನೇ ಬಾಯಿಗೆ ಬಾರಿಸಿದೆ. ತುಟಿ ಒಡೀತು.

ಮೊನ್ನೆ ತೂಬಿನ ಹತ್ರ ನೀರಿನ ಸರದಿಗೆ ಜಗಳ. ನನ್ನ ಮಗ ದೇವಿರ ಮಾಚನ ಮೇಲೆ ಹಾರೆ ಎತ್ತಿದ. ನಾನು ಎಪ್ಪತ್ಮೂರನೇ ವಾಕ್ಯ ಕೂಗಿದೆ: ‘ಹೊಡೀಬೇಡ.’ ದಿನಾ ಒಪ್ಪಿಸಿದ ಬಾಯಿ ಅವನದು, ಎಪ್ಪತ್ನಾಲ್ಕನೇದು ತಾನಾಗೇ ಬಂತು: ‘ಹೊಡೀತೀನಿ.’ ಹೊಡೆದ. ಕಿವಿ ಮೇಲೆ ಬಿತ್ತು. ಇನ್ನೊಂದು ಸಲ ಹೊಡೆದ. ಗದ್ದೆಗೆ ನೀರು ಕೆಂಪಗೆ ಹರೀತು. ಮಾಚ ಮಧ್ಯಾಹ್ನದವರೆಗೂ ಉಸಿರಾಡ್ತಿದ್ದ, ನಮ್ಮ ಮುಖ ನೋಡ್ತಾ. ಹತ್ತು ಜನ ಸುತ್ತ ಕೂತಿದ್ವಿ. ಅವನಿಗೆ ಹೇಳೋಕೆ ಒಬ್ಬರ ಹತ್ರಾನೂ ಒಂದು ಮಾತಿರಲಿಲ್ಲ.

ಈಗ ನನ್ನ ತಂಗಿ ಸಿರುಮೆ ಅದೇ ಹಾರೆ ಮಡಿಲಲ್ಲಿಟ್ಕೊಂಡು ನನ್ನ ಬಾಗಿಲಲ್ಲಿ ಕೂತಿದ್ದಾಳೆ. ಒಳಗೆ ದೇವಿರ. ಅವಳು ಹೇಳ್ತಿರೋದು ಒಂದೇ ವಾಕ್ಯ: ‘ನಾಳೆ ಕೊಲ್ತೀನಿ.’ ನಾಳೆ ಅಂದ್ರೆ ನಾಳೆನೇ.

ಮೇಡಂ, ಏಳನೇ ಗಂಟೆ ಹತ್ರ ಅಜ್ಜಿ ಮೊಮ್ಮಗಳು ಜಗಲಿಯಿಂದ ಬಿದ್ದು ಅಳುತ್ತೆ. ಅಜ್ಜಿ ಎತ್ಕೊಂಡು ಮುರವದಲ್ಲಿ ಬಾಯಿ ತೆಗೀತಾಳೆ. ನೀವು ‘ಅಯ್ಯೋ, ಗಲಾಟೆ’ ಅಂತ ಮಷಿನ್ ಆಫ್ ಮಾಡ್ತೀರ. ಮತ್ತೆ ಆನ್ ಆದಾಗ ಮಗು ಸುಮ್ಮನಾಗಿದೆ. ನಡುವೆ ಅಜ್ಜಿ ಏನಂದ್ಲು? ಸಾವಿರ ಸಲ ಕೇಳಿದೀನಿ, ಬರೀ ಟಕ್ ಅನ್ನೋ ಸದ್ದು. ಇದು ನಿಮಗೆ ಮುಟ್ಟೋ ಹೊತ್ತಿಗೆ ಮಗು ಇನ್ನೂ ಬಿದ್ದಿರದಿದ್ರೆ, ಕೈ ಮುಗೀತೀನಿ, ಅದು ಅಳೋವಾಗ ಮಷಿನ್ ಆಫ್ ಮಾಡಬೇಡಿ.

ನಾನೀಗ ಹೋಗಿ ತಂಗಿ ಪಕ್ಕ ಕೂರ್ತೀನಿ. ಕಟ್ಟುಪಾಡು ಹಾಳಾಗ್ಲಿ. ಮಾಚ ಅವತ್ತು ಕರುಗೆ ಹೇಳಿದ್ನಲ್ಲ, ಅದನ್ನ ಅವಳಿಗೆ ಹೇಳ್ತೀನಿ, ನೆನಪಿದ್ದಷ್ಟು.