ಎದೆಯ ಮೇಲೆ ಕೈಯಿಟ್ಟ ತಪ್ಪಿಗೆ

ಪ್ರಿಯ ಸುಭಾಷ,

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ರಾಘು ಎಂಬ ನಾನು ಕಳೆದ ಸೋಮವಾರದಿಂದ ಹತ್ತು ಗಂಟೆಯ ಚಹಾದ ಜೊತೆ ಬನ್ಸ್ ತಿನ್ನುವುದನ್ನು ಬಿಟ್ಟಿದ್ದೇನೆ. ದಯವಿಟ್ಟು ಹಾರ ತುರಾಯಿ ತರಬೇಡಿ. ನಿನ್ನಂತೆ ದುಡ್ಡು ಉಳಿಸಿ, ನಿನ್ನಂತೆ ಬೇಗ ನಿವೃತ್ತನಾಗುವ ಮಹಾಯೋಜನೆಯ ಮೊದಲ ಮೆಟ್ಟಿಲು ಇದು. ಇದೇ ವೇಗದಲ್ಲಿ ಹೋದರೆ ನೂರಾ ಹನ್ನೊಂದನೇ ವಯಸ್ಸಿಗೆ ಬಿಡುಗಡೆ ಸಿಗಬಹುದು ಎಂದು ನನ್ನ ಹೆಂಡತಿ ಧೈರ್ಯ ಹೇಳಿದ್ದಾಳೆ.

ನೀನು ನಲವತ್ತೇಳಕ್ಕೇ ಅಡಿಕೆ ಮಂಡಿಯ ಗುಮಾಸ್ತಗಿರಿಗೆ ಕೈಮುಗಿದು ಹೊರಟೆ. ಪಕ್ಕದ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತು ನಿನ್ನನ್ನು ಆಡಿಕೊಂಡವನು ನಾನು. ನಿನ್ನ ಸೈಕಲ್ಲು, ರಬ್ಬರ್ ಬ್ಯಾಂಡ್ ಸುತ್ತಿದ ಮೊಬೈಲು, ಬುತ್ತಿ ಡಬ್ಬಿ, ಯಾವುದನ್ನು ಆಡಿಕೊಳ್ಳದೆ ಬಿಟ್ಟೆ? ನಾನು ಕಂತಿನಲ್ಲಿ ಗೋಡೆಯಗಲದ ಟಿ.ವಿ. ತಂದ ದಿನ ನೀನು ಕೇಳಿದ್ದು ಒಂದೇ ಮಾತು. "ಇದಿಲ್ಲದಿದ್ರೆ ನಿಂಗೆ ಎಂತ ನಿಲ್ತಿತ್ತು ಮಾರಾಯ?" ಅವತ್ತೇ ನಿನ್ನನ್ನು ಜಿಪುಣ ಎಂದು ಮಂಡಿಗೆಲ್ಲ ಸಾರಿದೆ. ಆ ಜಿಪುಣ ಮಗಳ ನರ್ಸಿಂಗ್ ಓದಿಗೆ ಮರುಮಾತಿಲ್ಲದೆ ದುಡ್ಡು ಕಟ್ಟಿದಾಗ ಮಾತ್ರ ಸಾರಲು ಮರೆತುಹೋಯಿತು.

ಈಗ ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮಂಡಿಗೆ ಓಡುವ ಹೊತ್ತಿನಲ್ಲಿ ನೀನು ವಾಚನಾಲಯದಲ್ಲಿ ಕಾಲು ಚಾಚಿ ಪೇಪರ್ ಓದುತ್ತಿರುತ್ತೀ. ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುತ್ತೀ. ಅಷ್ಟು ಪುರುಸೊತ್ತು ಒಬ್ಬನೇ ಮನುಷ್ಯನಿಗೆ ಇರಬಾರದು ಸುಭಾಷ. ನನಗಂತೂ ನಿದ್ದೆ ಬರುವುದಿಲ್ಲ.

ಇನ್ನು ಮುಖ್ಯ ವಿಷಯ. ಫೋನಿನಲ್ಲಿ ಹೇಳುವ ಧೈರ್ಯವಿಲ್ಲದೆ ಕಾಗದ ಹಿಡಿದಿದ್ದೇನೆ. ನೀನು ಬಿಟ್ಟ ವಾರವೇ ತೂಕದ ಅನಂತಮೂರ್ತಿ, ಸುಭಾಷ ಎಂತಕ್ಕೆ ಕೆಲಸ ಬಿಟ್ಟ ಎಂದು ನನ್ನನ್ನು ಕೇಳಿದ. ಅವನಿಗೆ ಸಾಕಾಗುವಷ್ಟಿದೆ, ಅದಕ್ಕೇ ಬಿಟ್ಟ ಎನ್ನಬೇಕಿತ್ತು. ಆ ಸತ್ಯ ನನ್ನ ಗಂಟಲಿನಿಂದ ಮೇಲೆ ಬರಲಿಲ್ಲ. ಎದೆಯ ಮೇಲೆ ಕೈಯಿಟ್ಟು, ಪಾಪ ಎನ್ನುವಂತೆ ಒಂದು ನಿಟ್ಟುಸಿರು ಬಿಟ್ಟೆ. ಅಷ್ಟೇ. ಆ ನಿಟ್ಟುಸಿರು ಸುದ್ದಿಯಾಗಿ ತ್ಯಾಗಲಿ ಊರು ಮುಟ್ಟುವಾಗ ನಿನಗೆ ಬೈಪಾಸ್ ಆಗಿತ್ತು. ಇಡಗುಂದಿಯಲ್ಲಿ ಬಸ್ಸಿಳಿಯುವಾಗ ಡಾಕ್ಟರೇ ಕೈಬಿಟ್ಟಿದ್ದರು.

ಜನ ಮೋಸಂಬಿ, ಬ್ರೆಡ್ಡು ಹಿಡಿದು ನಿಮ್ಮ ಮನೆಗೆ ಬರತೊಡಗಿದರಲ್ಲ, ಯಾಕೆಂದು ಈಗ ಗೊತ್ತಾಯಿತಲ್ಲ? ನಾನು ಹುಟ್ಟಿಸಿದ ರೋಗದಿಂದಲೂ ನಿನಗೇ ಉಳಿತಾಯವಾಯಿತೆಂದು ಅದಕ್ಕೂ ಕರುಬಿದೆ.

ಮೊನ್ನೆ ಬುಧವಾರ ನಿನ್ನ ಮಗಳು ಚೇತನಾ ಮಂಡಿಗೆ ಬಂದಿದ್ದಳು. ಅವಳೇ ಮೆಚ್ಚಿದ ಇಡಗುಂದಿಯ ಪ್ರಮೋದನ ಮನೆಯವರು ಮದುವೆಯ ಮಾತುಕತೆ ನಿಲ್ಲಿಸಿದ್ದಾರೆ, ತಂದೆಯ ಕಾಯಿಲೆ ಮುಚ್ಚಿಟ್ಟಿರಿ ಎನ್ನುತ್ತಾರೆ ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ರಾಘು ಮಾವ, ಅಪ್ಪಂಗೆ ಎಂತದೂ ಇಲ್ಲ ಅಂದ್ರೆ ಅವ್ರು ನಂಬೂದಿಲ್ಲ. ಇಷ್ಟು ವರ್ಷ ಒಟ್ಟಿಗಿದ್ದವ್ರು ನೀವು. ನೀವು ಹೇಳಿದ್ರೆ ನಂಬ್ತಾರೆ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿ ಬಂದಿದ್ದಳು.

ಶನಿವಾರ ರಜೆ ಹಾಕಿದ್ದೇನೆ. ಪ್ರಮೋದನ ತಂದೆಯ ಎದುರು ಕೂತು, ಸುಭಾಷನ ಎದೆ ಗಟ್ಟಿಯಿದೆ, ಕೆಟ್ಟಿದ್ದು ನನ್ನ ಹೊಟ್ಟೆ ಎಂದು ಹೇಳುತ್ತೇನೆ. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಕೊಡುವುದಿಲ್ಲ. ಅವರು ಎಷ್ಟು ಉಗಿದರೂ ಎದ್ದು ಬರುವುದಿಲ್ಲ. ಆಮೇಲೆ ನೀನು ನನ್ನ ಜೊತೆ ಮಾತು ಬಿಟ್ಟರೆ ಅದನ್ನೂ ಒಪ್ಪಿಕೊಳ್ಳುತ್ತೇನೆ. ನಿನಗೆ ಅದಕ್ಕೂ ಪುರುಸೊತ್ತಿದೆ.

ಚೇತನಾ ಮೆಚ್ಚಿದವನ ಮನೆಯನ್ನೇ ಸೇರಲಿ, ನಗುತ್ತ ಬಾಳಲಿ. ನೀನು ಇನ್ನೂ ನಲವತ್ತು ವರ್ಷ ಆ ಟೆಂಡರ್ ಪ್ರಕಟಣೆಗಳನ್ನು ಓದುತ್ತಲೇ ಇರು.

ಇನ್ನೂ ಉರಿಯುತ್ತಲೇ ಇರುವ ನಿನ್ನ,
ರಾಘು

ತಾ.ಕ.: ಒಂದು ಸಣ್ಣ ಉಪಕಾರ. ಇಡಗುಂದಿಗೆ ನೀನೂ ಬರಬೇಕು. ಬಸ್ಸಿಳಿದ ಮೇಲೆ ಅವರ ಮನೆಯವರೆಗೆ ಒಂದೇ ಏರು. ಅಂಗಳ ಕಾಣುತ್ತಲೇ ನೀನು ಹತ್ತು ಹೆಜ್ಜೆ ಮುಂದೆ ನಡಿ. ನನ್ನ ಏದುಸಿರನ್ನು ಅವರು ನಿನ್ನದೆಂದುಕೊಳ್ಳಬಾರದು.