ಬಾಲದ ಬುತ್ತಿ

ಧಾರವಾಡ,
೧೨-೧೧-೧೯೬೪

ಸಾವಂತ್ರಕ್ಕನಿಗೆ ತಮ್ಮನ ಶರಣು.

ಹಾನಗಲ್ಲಿನ ಕೆರೆಯಿಂದ ತಂಬಿಗೆಯಲ್ಲಿ ಗೊದಮೊಟ್ಟೆ ತಂದು ಸಾಕಿದ್ದೆವಲ್ಲ, ಒಂದರ ಬಾಲ ಮಾಯವಾದಾಗ ನೀನೇ ಕತ್ತರಿಸಿದೆಯೆಂದು ಎಂಟು ದಿನ ನಿನ್ನೊಡನೆ ಮಾತು ಬಿಟ್ಟಿದ್ದೆ. "ಯಾರೂ ಕತ್ತರಿಸಿಲ್ಲೋ, ತನ್ನ ಬಾಲ ತಾನ ತಿಂದೈತಿ" ಎಂದು ಅವ್ವ ಹೇಳಿದರೂ ನಂಬಿರಲಿಲ್ಲ.

ನಿನ್ನೆ ಕಾಲೇಜಿನಲ್ಲಿ ಅದೇ ಪಾಠ. ಕಾಲು ಮೂಡಿದ ಮೇಲೆ ಬಾಲದ ಜೀವಕೋಶಗಳು ತಾವಾಗಿಯೇ ಕರಗಿ ಸಾಯುತ್ತವಂತೆ. ಆ ದಿನಗಳಲ್ಲಿ ಕಪ್ಪೆಮರಿ ಏನೂ ತಿನ್ನುವುದಿಲ್ಲ. ಕರಗಿದ ಬಾಲವೇ ಅದಕ್ಕೆ ಬುತ್ತಿ. ತಪ್ಪು ನನ್ನದು, ಅಕ್ಕ.

ಇನ್ನೊಂದು ತಪ್ಪೂ ಇದೆ. ಹುಟ್ಟಲಿರುವ ನಿನ್ನ ಕೂಸಿನ ಕೌದಿಗೆಂದು ನೀನು ಹುಡುಕುತ್ತಿರುವ ಅವ್ವನ ಇಳಕಲ್ ಸೀರೆಯನ್ನು ಚಿಗವ್ವ ಒಯ್ದಿಲ್ಲ, ಅವಳನ್ನು ಬೈಯಬೇಡ. ಅವ್ವ ತೀರಿಕೊಂಡ ವಾರ ನಾನೇ ಇಲ್ಲಿಗೆ ತಂದೆ. ಎರಡು ವರ್ಷದಿಂದ ಅದು ನನ್ನ ತಲೆದಿಂಬಿನ ಕೆಳಗೇ ಇದೆ. ಈಗ ಈ ಕಾಗದದ ಜೊತೆ ಗುದ್ಲೆಪ್ಪ ಮಾವನ ಕೈಯಲ್ಲಿ ರಟ್ಟೀಹಳ್ಳಿಗೆ ಕಳಿಸುತ್ತಿದ್ದೇನೆ. ಕತ್ತರಿಸಿ ಕೌದಿ ಹೊಲಿ.

ಇಷ್ಟು ದಿನ ನಾನು ಅದನ್ನು ಒಗೆದಿಲ್ಲ. ಕತ್ತರಿಸುವ ಮೊದಲು ನೀನೂ ಒಗೆಯಬೇಡ.

ನಿನ್ನ ತಮ್ಮ,
ಉಳಿವೆಪ್ಪ